ಉಚಿತ ಎಂದರೆ ಯಾರಿಗೆ, ಎಲ್ಲಿ, ಎಲ್ಲಿಯವರೆಗೆ?

(ಶಾಲಾ ಶಿಕ್ಷಕರು, ಗ್ರಂಥಪಾಲಕರು ಮತ್ತು ಡಿಟಿಪಿ ಕೆಲಸ ಮಾಡುವವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಕೆಲವು ವರ್ಷಗಳ ಹಿಂದೆ ನಾನೊಂದು ಪಟ್ಟಿ ಮಾಡಿದೆ. ನಮ್ಮ ಸುತ್ತಲಿನ ಏಳೆಂಟು ಪ್ರೌಢಶಾಲೆಗಳಿಗೆ ದಾನಿಗಳಿಂದ ಬಳಸಿದ ಕಂಪ್ಯೂಟರುಗಳು ಬಂದಿದ್ದವು. ಅವುಗಳಿಗೆ ಹಾಕಿಕೊಳ್ಳಲು ದುಡ್ಡು ಕೊಡಬೇಕಿಲ್ಲದ ತಂತ್ರಾಂಶಗಳು ಯಾವುವು ಎಂದು ಮೇಷ್ಟರುಗಳು ಕೇಳಿದರು. ಎರಡು ರಾತ್ರಿ ಕುಳಿತು ಸುಮಾರು ಅರವತ್ತು ಹೆಸರು ಬರೆದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಉಚಿತ ತಂತ್ರಾಂಶಗಳು’ ಎಂದು ಹಾಕಿದೆ. ಎಲ್ಲವನ್ನೂ ಒಂದು ಡಿವಿಡಿಗೆ ತುಂಬಿ, ಶಾಲೆಗೊಂದರಂತೆ ಪ್ರತಿ ಮಾಡಿ ಹಂಚಿದೆ.

ಆ ಅರವತ್ತರಲ್ಲಿ, ದೂರದಲ್ಲಿ ಕುಳಿತೇ ಇನ್ನೊಂದು ಕಂಪ್ಯೂಟರನ್ನು ನಡೆಸುವ ತಂತ್ರಾಂಶವೊಂದಿತ್ತು. ಶಾಲೆಯಲ್ಲಿ ಏನಾದರೂ ಕೆಟ್ಟರೆ ಅದರ ಮೂಲಕ ಮನೆಯಿಂದಲೇ ಸರಿಪಡಿಸುತ್ತಿದ್ದೆ. ಮಕ್ಕಳ ಆಂತರಿಕ ಅಂಕಗಳನ್ನು ಕಳುಹಿಸುವ ಕೊನೆಯ ದಿನ ಒಂದು ಶಾಲೆಯಿಂದ ಕರೆ ಬಂತು. ಕಡತ ತೆರೆಯುತ್ತಿಲ್ಲ ಎಂದರು. ನಾನು ಸಂಪರ್ಕಿಸಿ ಐದು ನಿಮಿಷವಾಗಿರಬೇಕು, ಪರದೆ ಕಪ್ಪಾಯಿತು. ನಿಮ್ಮದು ವೈಯಕ್ತಿಕ ಬಳಕೆಯಂತೆ ಕಾಣುತ್ತಿಲ್ಲ, ಪರವಾನಗಿ ಕೊಳ್ಳಿ ಎಂಬ ಸೂಚನೆ ಬಂತು. ಕಂಪನಿಯದು ತಪ್ಪಿರಲಿಲ್ಲ. ಮನೆಬಳಕೆಗೆ ಮಾತ್ರ ಉಚಿತ ಎಂದು ಪರವಾನಗಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಓದದೆ ಶಾಲೆಗೆ ಕೊಟ್ಟವನು ನಾನು. ಆ ಸಂಜೆ ಮುಖ್ಯೋಪಾಧ್ಯಾಯರು ಬೈಕಿನಲ್ಲಿ ಪೆನ್‌ಡ್ರೈವ್ ಕಳುಹಿಸಿ ಕೆಲಸ ಮುಗಿಸಿಕೊಂಡರು. ಮುಂದಿನ ಒಂದು ತಿಂಗಳು ನಾನು ಅರವತ್ತೂ ಪರವಾನಗಿಗಳನ್ನು ಸಾಲು ಸಾಲಾಗಿ ಓದಿದೆ. ಇವತ್ತು ನಿಮ್ಮ ಮುಂದೆ ಹೇಳಲು ಹೊರಟಿರುವುದು ಆ ತಿಂಗಳಲ್ಲಿ ಕಲಿತದ್ದು.

ಮೊದಲು ಪದದ ವಿಷಯ. ‘ಫ್ರೀ’ ಎಂಬ ಒಂದೇ ಪದ ಇಂಗ್ಲಿಷಿನವರಿಗೆ ಬೆಲೆಯಿಲ್ಲದ್ದಕ್ಕೂ ಬಂಧನವಿಲ್ಲದ್ದಕ್ಕೂ ಬೇಕಾಗುತ್ತದೆ. ಆ ಗೊಂದಲ ಬಿಡಿಸಲು ಅವರು ದಶಕಗಟ್ಟಲೆ ವಾದ ಮಾಡಿದ್ದಾರೆ. ನಮಗೆ ಆ ಕಷ್ಟ ಬೇಕಿಲ್ಲ. ಬೆಲೆಯಿಲ್ಲದ್ದು ಉಚಿತ, ಬಂಧನವಿಲ್ಲದ್ದು ಮುಕ್ತ ಅಥವಾ ಸ್ವತಂತ್ರ. ಪುಕ್ಕಟೆ, ಬಿಟ್ಟಿ, ಧರ್ಮಾರ್ಥ ಎಂದು ಇನ್ನಷ್ಟು ಪದಗಳೂ ಇವೆ, ಒಂದೊಂದರ ತೂಕ ಬೇರೆ. ಬಿಟ್ಟಿ ಎಂಬುದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು, ಕೂಲಿಯಿಲ್ಲದೆ ಮಾಡಿಸಿಕೊಳ್ಳುತ್ತಿದ್ದ ಬಲವಂತದ ದುಡಿಮೆ. ಶಾಸನಗಳಲ್ಲಿ ಸಿಗುವ ಪದ ಅದು. ಬಿಟ್ಟಿ ಸಿಕ್ಕಿತು ಎಂದು ನಾವು ಹೇಳುವ ತಂತ್ರಾಂಶದ ಹಿಂದೆಯೂ ಯಾರದೋ ದುಡಿಮೆ ಇರುತ್ತದೆ. ಅವರು ಅದನ್ನು ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ ಎಂದು ಕೇಳುವುದು ಅವರಿಗೆ ನಾವು ಕೊಡುವ ಕನಿಷ್ಠ ಗೌರವ.

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ’ ಎಂಬ ಗಾದೆ ನಿಮಗೆ ಗೊತ್ತು. ಸುಮ್ಮನೆ ಸಿಕ್ಕ ಬಟ್ಟೆಯನ್ನು ಅಳೆಯುವುದು ಕೃತಘ್ನತೆ ಎಂದು ಅದರ ಅರ್ಥ. ನೀವೊಬ್ಬರೇ ಉಡುವುದಾದರೆ ಗಾದೆ ಸರಿ. ಆದರೆ ಆ ದಟ್ಟಿಯನ್ನು ಮುನ್ನೂರು ಮಕ್ಕಳಿಗೆ ಹಂಚುವ ಹೊಣೆ ನಿಮ್ಮ ಮೇಲಿದ್ದರೆ ಮೊಳ ಹಾಕಲೇಬೇಕು, ಹಿತ್ತಲಿಗೆ ಹೋಗದೆ ಎಲ್ಲರೆದುರಿಗೇ ಹಾಕಬೇಕು. ಪಟ್ಟಿ ಮಾಡುವವನ ಕೆಲಸ ಅದೇ.

ಬೆಲೆ ಕೇಳದ ತಂತ್ರಾಂಶಕ್ಕೆ ಇವತ್ತು ಹೇಳುವ ಫ್ರೀವೇರ್ ಎಂಬ ಪದ ಹುಟ್ಟಿದ ಬಗೆಯನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಐಬಿಎಂ ಪಿಸಿ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಆಂಡ್ರ್ಯೂ ಫ್ಲೂಗೆಲ್‌ಮನ್ ಎಂಬವರು ಪಿಸಿ-ಟಾಕ್ ಎಂಬ ತಂತ್ರಾಂಶ ಬರೆದರು. ದೂರವಾಣಿ ತಂತಿಯ ಮೂಲಕ ಎರಡು ಕಂಪ್ಯೂಟರುಗಳು ಮಾತಾಡಿಕೊಳ್ಳುವ ಸಾಧನ ಅದು. ಪೆಟ್ಟಿಗೆಯಲ್ಲಿಟ್ಟು ಅಂಗಡಿಯಲ್ಲಿ ಮಾರುವ ಬದಲು ಅವರು, ನಕಲು ಮಾಡಿಕೊಳ್ಳಿ, ಗೆಳೆಯರಿಗೆ ಕೊಡಿ, ಇಷ್ಟವಾದರೆ 25 ಡಾಲರ್ ಕಳುಹಿಸಿ ಎಂದರು. ಇದಕ್ಕೆ ಅವರಿಟ್ಟ ಹೆಸರು ಫ್ರೀವೇರ್. ಅದೇ ಹೊತ್ತಿಗೆ ವಾಷಿಂಗ್ಟನ್ ರಾಜ್ಯದಲ್ಲಿ ಜಿಮ್ ನಾಫ್ ಎಂಬವರೂ ಪಿಸಿ-ಫೈಲ್ ಎಂಬ ತಂತ್ರಾಂಶವನ್ನು ಇದೇ ರೀತಿ ಹಂಚುತ್ತಿದ್ದರು. ಇಬ್ಬರೂ ಪರಿಚಯವಾಗಿ, ತಮ್ಮ ತಂತ್ರಾಂಶದೊಂದಿಗೆ ಇನ್ನೊಬ್ಬರದನ್ನೂ ಹೆಸರಿಸತೊಡಗಿದರು. ಆದರೆ ಫ್ಲೂಗೆಲ್‌ಮನ್ ಅವರು ಫ್ರೀವೇರ್ ಎಂಬ ಪದವನ್ನು ತಮ್ಮ ವ್ಯಾಪಾರ ಚಿಹ್ನೆಯಾಗಿ ಮಾಡಿಕೊಂಡದ್ದರಿಂದ ಬೇರೆಯವರು ಅದನ್ನು ಬಳಸುವಂತಿರಲಿಲ್ಲ. 1983ರಲ್ಲಿ ಬಾಬ್ ವಾಲೇಸ್ ತಮ್ಮ ಪಿಸಿ-ರೈಟ್ ತಂತ್ರಾಂಶವನ್ನು ಶೇರ್‌ವೇರ್ ಎಂದು ಕರೆದರು. ಆ ಪದ ಎಲ್ಲರಿಗೂ ದಕ್ಕಿತು.

ಇಲ್ಲಿ ಗಮನಿಸಿ. ಜಗತ್ತಿನ ಮೊದಲ ಫ್ರೀವೇರ್ ಹಣ ಕೇಳುತ್ತಿತ್ತು, ಹಂಚಲು ಬಿಡುತ್ತಿತ್ತು. ಇವತ್ತು ಫ್ರೀವೇರ್ ಎಂದು ಕರೆಸಿಕೊಳ್ಳುವ ಬಹುಪಾಲು ತಂತ್ರಾಂಶಗಳು ಹಣ ಕೇಳುವುದಿಲ್ಲ, ಹಂಚಲು ಬಿಡುವುದೂ ಇಲ್ಲ. ನಲವತ್ತು ವರ್ಷದಲ್ಲಿ ಪದ ಪೂರ್ತಿ ಮಗುಚಿಕೊಂಡಿದೆ. ಹಾಗಾಗಿ ಜಾಲತಾಣದಲ್ಲಿ ಫ್ರೀವೇರ್ ಎಂದು ಬರೆದಿದೆಯೇ ಇಲ್ಲವೇ ಎಂಬುದು ನನ್ನ ದೃಷ್ಟಿಯಲ್ಲಿ ಯಾವ ಸಾಕ್ಷಿಯೂ ಅಲ್ಲ. ಸಾಕ್ಷಿ ಇರುವುದು ಪರವಾನಗಿಯ ಪಠ್ಯದಲ್ಲಿ.

ಸುಲಭದ ಪ್ರಕರಣಗಳನ್ನು ಬೇಗ ಮುಗಿಸಿಬಿಡುತ್ತೇನೆ. ಮೂವತ್ತು ದಿನ ಬಳಸಿ ನೋಡಿ, ಆಮೇಲೆ ಕೊಳ್ಳಿ ಎನ್ನುವುದು ಫ್ರೀವೇರ್ ಅಲ್ಲ. ಅವಧಿ ಮುಗಿದ ಮೇಲೂ ನಡೆಯುತ್ತಿರುತ್ತದೆ ಎಂಬ ಕಾರಣಕ್ಕೆ ಅದು ಫ್ರೀವೇರ್ ಆಗಿಬಿಡುವುದಿಲ್ಲ. ವಿನ್‌ರಾರ್ (ಕಡತಗಳನ್ನು ಕುಗ್ಗಿಸಿಡುವ ತಂತ್ರಾಂಶ) ನಿಮಗೆಲ್ಲ ಗೊತ್ತಿರುವ ಉದಾಹರಣೆ. ಪರವಾನಗಿಯ ಪ್ರಕಾರ ಅದರ ಪರೀಕ್ಷಾ ಅವಧಿ 40 ದಿನ. ನಲವತ್ತೊಂದನೆಯ ದಿನವೂ ಅದು ತೆರೆದುಕೊಳ್ಳುತ್ತದೆ, ಕೊಳ್ಳಿರೆಂದು ನೆನಪಿಸುತ್ತದೆ ಅಷ್ಟೆ. ಬಾಗಿಲಿಗೆ ಬೀಗ ಹಾಕಿಲ್ಲ ಎಂದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ. ಶಾಲೆಯ ಪಟ್ಟಿಯಿಂದ ಅದನ್ನು ತೆಗೆದೆ. ಮುದ್ರಿಸಿದ ಪುಟದ ಮೇಲೆಲ್ಲ ತನ್ನ ಹೆಸರನ್ನು ಅಡ್ಡಲಾಗಿ ಹಾಕುವ ‘ಉಚಿತ ಆವೃತ್ತಿ’ಗಳನ್ನೂ ತೆಗೆದೆ. ಯಾವ ಕೆಲಸಕ್ಕಾಗಿ ತೆರೆದೆನೋ ಆ ಕೆಲಸವನ್ನು ಮುಗಿಸಲು ಬಿಡದಿದ್ದರೆ ಅದು ಅಂಗಡಿಯ ಮುಂದಿನ ಮಾದರಿ ಮಾತ್ರ. ಓದುವುದಕ್ಕೆ ಹಣ ಬೇಡ, ತಿದ್ದುವುದಕ್ಕೆ ಬೇಕು ಎನ್ನುವ ಪಿಡಿಎಫ್ ಓದುಗಗಳ ವಿಷಯ ಬೇರೆ. ಓದುವುದು ತಾನೇ ಒಂದು ಪೂರ್ಣ ಕೆಲಸ, ಅವು ಫ್ರೀವೇರ್. ಅಡೋಬಿಯ ರೀಡರ್‌ಗೆ 1993ರಲ್ಲಿ ಮೊದಲು ಬಂದಾಗ ಬೆಲೆಯಿತ್ತು, ಆಮೇಲೆ ಉಚಿತವಾಯಿತು ಎಂಬುದನ್ನು ಇಲ್ಲಿರುವ ಹಿರಿಯರು ನೆನಪಿಟ್ಟಿರಬಹುದು. ಇಷ್ಟವಾದರೆ ಕಾಣಿಕೆ ಕೊಡಿ ಎನ್ನುವುದು ಫ್ರೀವೇರೇ, ಅನುಮಾನವಿಲ್ಲ. ಹುಂಡಿ ಇಟ್ಟ ಮಾತ್ರಕ್ಕೆ ದರ್ಶನಕ್ಕೆ ಟಿಕೆಟ್ ಇಟ್ಟಂತಲ್ಲ.

ಕ್ರ್ಯಾಕ್ ಮಾಡಿದ್ದನ್ನು, ಅಂದರೆ ಬೀಗ ಮುರಿದ ಕಳ್ಳ ಪ್ರತಿಯನ್ನು, ಉಚಿತ ಎಂದು ಕರೆಯುವುದನ್ನು ದಯವಿಟ್ಟು ನಿಲ್ಲಿಸೋಣ. ನಮ್ಮ ಊರುಗಳಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವವರು ‘ಎಲ್ಲ ಸಾಫ್ಟ್‌ವೇರ್ ಫ್ರೀ ಹಾಕಿಕೊಡುತ್ತೇವೆ’ ಎನ್ನುತ್ತಾರೆ, ಶಾಲೆಗಳೂ ನಂಬುತ್ತವೆ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. 1994ರ ತಿದ್ದುಪಡಿ ಸೇರಿಸಿದ 63ಬಿ ಕಲಮು, ಕಳ್ಳ ಪ್ರತಿ ಎಂದು ತಿಳಿದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಎಂದಿತು. ವ್ಯಾಪಾರದ ಲಾಭಕ್ಕಾಗಿ ಬಳಸದಿದ್ದರೆ ಸೆರೆವಾಸವಿಲ್ಲದೆ ಬಿಡುವ ಅವಕಾಶವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಮಾರುವವನಷ್ಟೇ ಅಲ್ಲದೆ ಬಳಸುವವನೂ ಕಾಯ್ದೆಯ ಒಳಗೆ ಬರುತ್ತಾನೆ. ಅಂಗಡಿಯವರು ಹಾಕಿಕೊಟ್ಟರು ಎಂಬ ಉತ್ತರದಿಂದ ಮುಖ್ಯೋಪಾಧ್ಯಾಯರು ಪಾರಾಗುವುದಿಲ್ಲ.

ಇನ್ನು ನಿಜವಾದ ತೊಡಕಿಗೆ ಬರೋಣ. ‘ವೈಯಕ್ತಿಕ ಬಳಕೆಗೆ ಉಚಿತ.’ ಈ ಮೂರು ಪದಗಳು ನನ್ನ ಅರವತ್ತರ ಪಟ್ಟಿಯಿಂದ ತೆಗೆದಷ್ಟು ಹೆಸರುಗಳನ್ನು ಬೇರೆ ಯಾವುದೂ ತೆಗೆಯಲಿಲ್ಲ.

ವೈಯಕ್ತಿಕ ಎಂದರೆ ಏನು? ನಾನು ಮನೆಯಲ್ಲಿ ಮಗಳ ಫೋಟೋ ಸರಿಪಡಿಸುವುದು ವೈಯಕ್ತಿಕ. ಶಿಕ್ಷಕಿಯೊಬ್ಬರು ಮನೆಯಲ್ಲಿ ಕುಳಿತು ಪ್ರಶ್ನೆಪತ್ರಿಕೆ ಸಿದ್ಧಪಡಿಸಿದರೆ? ಯಂತ್ರ ಅವರದು, ಸ್ಥಳ ಮನೆ, ಕೆಲಸ ಶಾಲೆಯದು. ಟ್ಯೂಷನ್ ಹೇಳಿ ತಿಂಗಳಿಗೆ ಎರಡು ಸಾವಿರ ಸಂಪಾದಿಸುವವರು ಬಳಸಿದರೆ? ದೇವಸ್ಥಾನದ ಜಾತ್ರೆಯ ಕರಪತ್ರ ಮಾಡಿದರೆ? ಕೆಲವು ಪರವಾನಗಿಗಳು ಬಳಸುವವನು ಯಾರು ಎಂದು ಕೇಳುತ್ತವೆ, ಕೆಲವು ಯಾತಕ್ಕೆ ಬಳಸುತ್ತಾನೆ ಎಂದು, ಇನ್ನು ಕೆಲವು ಎಲ್ಲಿ ಎಂದು. ಶಾಲೆಯ ಬಗ್ಗೆ ಒಂದು ಮಾತೂ ಇಲ್ಲದ ಪರವಾನಗಿ ಸಿಕ್ಕರೆ ಶಾಲೆಗೆ ಅನುಮತಿ ಇಲ್ಲ ಎಂದೇ ನಾನು ಓದುತ್ತೇನೆ. ಬರೆಯದೆ ಇರುವುದನ್ನು ನಮ್ಮ ಪರವಾಗಿ ಊಹಿಸಿಕೊಳ್ಳುವುದು ಪಟ್ಟಿ ಮಾಡುವವನಿಗೆ ಸಲ್ಲದು.

ಬರೆದಿರುವವರೂ ಇದ್ದಾರೆ. ಚಿತ್ರಗಳನ್ನು ನೋಡುವ ಇರ್ಫಾನ್‌ವ್ಯೂ ತೆಗೆದುಕೊಳ್ಳಿ. ಮನೆಯಲ್ಲಿ ಲಾಭಕ್ಕಲ್ಲದ ಬಳಕೆಗೆ ಉಚಿತ. ಶಾಲೆ, ವಿಶ್ವವಿದ್ಯಾಲಯ, ವಸ್ತುಸಂಗ್ರಹಾಲಯ, ಗ್ರಂಥಾಲಯಗಳಿಗೂ ಉಚಿತ. ದತ್ತಿ ಸಂಸ್ಥೆಗಳಿಗೂ ಉಚಿತ. ವ್ಯಾಪಾರಕ್ಕೆ ಬಳಸುವವರು ಹಣ ಕೊಡಬೇಕು. ಎಷ್ಟು ಸ್ಪಷ್ಟ ನೋಡಿ. ಆದರೆ ಇದೇ ಸಭೆಯಲ್ಲಿ ಶಾಲೆಯವರ ಪಕ್ಕದಲ್ಲಿ ಕುಳಿತಿರುವ ಡಿಟಿಪಿ ಅಂಗಡಿಯವರಿಗೆ ಅದೇ ಇರ್ಫಾನ್‌ವ್ಯೂ ಫ್ರೀವೇರ್ ಅಲ್ಲ. ತಂತ್ರಾಂಶ ಅದೇ, ಕಡತ ಅದೇ. ಕುರ್ಚಿ ಬದಲಾದಂತೆ ಉತ್ತರ ಬದಲಾಗುತ್ತದೆ. ಇದು ಫ್ರೀವೇರ್ ಹೌದೋ ಅಲ್ಲವೋ ಎಂದು ಯಾರಾದರೂ ಕೇಳಿದಾಗ ನಾನು ಮೊದಲು ‘ಯಾರಿಗೆ?’ ಎಂದು ಕೇಳುವುದು ಈ ಕಾರಣಕ್ಕೆ.

ಒಂದೇ ಹೆಸರಿನೊಳಗೆ ಎರಡು ಪರವಾನಗಿ ಅಡಗಿರುವುದೂ ಉಂಟು. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್‌ನ ಮೂಲ ತಂತ್ರಾಂಶ ಜಿಪಿಎಲ್ ಎಂಬ ಮುಕ್ತ ಪರವಾನಗಿಯದು, ಯಾರು ಯಾತಕ್ಕೆ ಬೇಕಾದರೂ ಬಳಸಬಹುದು. ಅದರ ಪಕ್ಕದಲ್ಲೇ ಸಿಗುವ ‘ಎಕ್ಸ್‌ಟೆನ್ಷನ್ ಪ್ಯಾಕ್’ಗೆ ಬೇರೆ ಪರವಾನಗಿ, ವೈಯಕ್ತಿಕ ಮತ್ತು ಶೈಕ್ಷಣಿಕ ಬಳಕೆಗೆ ಅಥವಾ ಪರೀಕ್ಷಿಸಿ ನೋಡಲು ಮಾತ್ರ. ಪ್ರೋಗ್ರಾಮು ಬರೆಯಲು ಬಳಸುವ ವಿಎಸ್ ಕೋಡ್‌ನ ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರಹ) ಎಂಐಟಿ ಎಂಬ ಮುಕ್ತ ಪರವಾನಗಿಯಲ್ಲಿದೆ, ಮೈಕ್ರೋಸಾಫ್ಟ್ ಸಿದ್ಧಪಡಿಸಿ ಕೊಡುವ ಇನ್‌ಸ್ಟಾಲರ್ ಅದರದೇ ಬೇರೆ ಪರವಾನಗಿಯಲ್ಲಿದೆ. ಪಟ್ಟಿಯಲ್ಲಿ ಹೆಸರಷ್ಟೇ ಬರೆದರೆ ಸಾಲದು, ಯಾವ ಕಡತ ಎಂದೂ ಬರೆಯಬೇಕು.

ಜಾಹೀರಾತು ತೋರಿಸುವವುಗಳನ್ನು ಏನು ಮಾಡುವುದು? ಒಪೇರಾ ಬ್ರೌಸರ್ ಮೊದಲು ಹಣ ಕೊಟ್ಟು ಕೊಳ್ಳುವಂಥದಾಗಿತ್ತು. 2000ದ ಕೊನೆಯಲ್ಲಿ ಜಾಹೀರಾತು ಪಟ್ಟಿಯೊಂದಿಗೆ ಉಚಿತವಾಯಿತು, 2005ರಲ್ಲಿ ಜಾಹೀರಾತೂ ಹೋಯಿತು. ನಡುವಿನ ಆ ಐದು ವರ್ಷ ಅದು ಫ್ರೀವೇರೇ? ಪದದ ಲೆಕ್ಕದಲ್ಲಿ ಹೌದು ಎನ್ನಬಹುದು. ದೊಡ್ಡವರ ಕಂಪ್ಯೂಟರಿಗೆ ನಾನೂ ಹೌದು ಎನ್ನುತ್ತೇನೆ, ಪಕ್ಕದಲ್ಲಿ ಜಾಹೀರಾತು ಇದೆ ಎಂದು ಬರೆಯುತ್ತೇನೆ. ಮಕ್ಕಳ ಕಂಪ್ಯೂಟರಿಗೆ ಬೇಡ ಎನ್ನುತ್ತೇನೆ. ಹೆಸರು, ಫೋನ್ ನಂಬರು, ಊರು ಕೊಟ್ಟ ಮೇಲೆಯೇ ಬಾಗಿಲು ತೆರೆಯುವವುಗಳ ಬಗ್ಗೆ ನನ್ನ ನಿಲುವು ಇನ್ನೂ ಗಟ್ಟಿ. ಹದಿಮೂರು ವರ್ಷದ ಮಗುವಿನ ವಿವರ ಕೊಟ್ಟು ಪಡೆದದ್ದನ್ನು ಉಚಿತ ಎಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

ಇಲ್ಲಿಯವರೆಗೆ ಬಳಸುವ ಮಾತಾಯಿತು. ಹಂಚುವುದು ಬೇರೆಯೇ ಹಕ್ಕು. ನನ್ನ ಡಿವಿಡಿಯ ದೊಡ್ಡ ತಪ್ಪು ಅಲ್ಲಿತ್ತು.

ಬೇಸಿಗೆಯಲ್ಲಿ ದಾರಿಬದಿ ಅರವಟ್ಟಿಗೆ ಇಡುತ್ತಾರೆ. ಬಾಯಾರಿದವರು ಎಷ್ಟು ಬೇಕಾದರೂ ಕುಡಿಯಬಹುದು. ಕೊಡಪಾನ ತಂದು ತುಂಬಿಕೊಂಡು ಹೋಗಿ ಮುಂದಿನ ಊರಿನಲ್ಲಿ ಹಂಚುತ್ತೇನೆ ಎಂದರೆ, ಅಪ್ಪಾ, ಅವರನ್ನೇ ಇಲ್ಲಿಗೆ ಬರಹೇಳು ಎನ್ನುತ್ತಾರೆ. ಬಹಳಷ್ಟು ಫ್ರೀವೇರ್ ಇಂಥದು. ನಮ್ಮ ತಾಣದಿಂದಲೇ ಇಳಿಸಿಕೊಳ್ಳಿ, ನೀವು ಪ್ರತಿ ಮಾಡಿ ಕೊಡಬೇಡಿ ಎನ್ನುತ್ತದೆ. ಯಾವ ಆವೃತ್ತಿ ಎಷ್ಟು ಜನರ ಬಳಿ ಇದೆ ಎಂಬುದು ಅವರಿಗೆ ಗೊತ್ತಿರಬೇಕು. ನಡುವಿನವರು ಅದರೊಳಗೆ ವೈರಸ್ ಸೇರಿಸಿ ಹಂಚಬಾರದು ಎಂಬ ಎಚ್ಚರವೂ ಇರುತ್ತದೆ. ನ್ಯಾಯವಾದ ಷರತ್ತೇ. ಆದರೆ ಇಂಟರ್ನೆಟ್ ಇಲ್ಲದ ಶಾಲೆಗೆ ಪೆನ್‌ಡ್ರೈವಿನಲ್ಲಿ ಒಯ್ಯುವವನಿಗೆ ಇದು ಅಡ್ಡಗೋಡೆ. ನನ್ನ ಪಟ್ಟಿಯ ಎಷ್ಟೋ ತಂತ್ರಾಂಶಗಳನ್ನು ಶಾಲೆಗಳು ಬಳಸಬಹುದಿತ್ತು, ನಾನು ಡಿವಿಡಿಯಲ್ಲಿ ಹಂಚುವಂತಿರಲಿಲ್ಲ.

ಕನ್ನಡದ ಕೆಲಸ ಮಾಡುವವರಿಗೆ ಇದು ಫಾಂಟಿನಲ್ಲಿ ಕಾಡುತ್ತದೆ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ‘ತುಂಗಾ’ ನಿಮಗೆ ಪರಿಚಿತ. ಅದಕ್ಕೆ ಪ್ರತ್ಯೇಕ ಹಣ ಯಾರೂ ಕೊಟ್ಟಿಲ್ಲ, ಹಾಗಾಗಿ ಉಚಿತ ಫಾಂಟ್ ಎಂದು ಎಷ್ಟೋ ಜನ ಅದನ್ನು ಎತ್ತಿ ಬೇರೆಯವರಿಗೆ ಕೊಟ್ಟಿದ್ದಾರೆ. ಅದು ವಿಂಡೋಸಿನ ಭಾಗ. ವಿಂಡೋಸ್ ಪರವಾನಗಿ ಇರುವ ಯಂತ್ರದಲ್ಲಿ ಬಳಸಬಹುದು, ಕಡತವನ್ನು ತೆಗೆದು ಹಂಚುವ ಹಕ್ಕು ನಮಗಿಲ್ಲ. ಇದರ ಎದುರು ‘ಲೋಹಿತ್ ಕನ್ನಡ’, ‘ನೋಟೋ ಸ್ಯಾನ್ಸ್ ಕನ್ನಡ’, ‘ಬಾಲೂ ತಮ್ಮ’ ಇಟ್ಟು ನೋಡಿ. ಈ ಮೂರೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಮದುವೆಯ ಕರೆಯೋಲೆಗೂ ಬಳಸಿ, ಪತ್ರಿಕೆಗೂ ಬಳಸಿ, ಪ್ರತಿ ಮಾಡಿ ಕೊಡಿ, ಅಕ್ಷರದ ಬಳ್ಳಿ ಸರಿಯಿಲ್ಲ ಎನಿಸಿದರೆ ತಿದ್ದಿ. ತಿದ್ದಿದ್ದನ್ನು ಹಂಚುವಾಗ ಅದೇ ಪರವಾನಗಿ ಇರಲಿ, ಕರ್ತೃ ಕಾಯ್ದಿರಿಸಿದ ಹೆಸರು ಇದ್ದರೆ ಅದನ್ನು ಬಳಸಬೇಡಿ, ಫಾಂಟನ್ನು ಬಿಡಿಯಾಗಿ ಮಾರಬೇಡಿ. ತಂತ್ರಾಂಶದೊಂದಿಗೆ ಸೇರಿಸಿ ಮಾರಲು ಅಡ್ಡಿಯಿಲ್ಲ. ಮಾರಬೇಡಿ ಎಂಬ ಷರತ್ತಿದ್ದರೂ ಇದನ್ನು ಮುಕ್ತ ತಂತ್ರಾಂಶದವರು ಮುಕ್ತ ಎಂದು ಹೇಗೆ ಒಪ್ಪಿದರು ಎಂದು ನಾನು ಮೊದಮೊದಲು ತಲೆ ಕೆಡಿಸಿಕೊಂಡಿದ್ದೆ. ಪುಟ್ಟದೊಂದು ತಂತ್ರಾಂಶದ ಜೊತೆಗಿಟ್ಟರೂ ಮಾರಬಹುದಾದ್ದರಿಂದ ಆ ಷರತ್ತು ಯಾರ ಕೈಯನ್ನೂ ನಿಜವಾಗಿ ಕಟ್ಟುವುದಿಲ್ಲ. ಹಾಗೆಂದೇ ಒಪ್ಪಿದರು.

ನಮ್ಮದೇ ತಂತ್ರಾಂಶಗಳನ್ನೂ ಇದೇ ಅಳತೆಗೋಲಿನಲ್ಲಿ ನೋಡೋಣ. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಬಂತು. ವರ್ಷಗಟ್ಟಲೆ ಉಚಿತವಾಗಿ ಸಿಕ್ಕಿತು. ಸಾಗರದಾಚೆಯ ಕನ್ನಡಿಗರು ಊರಿಗೆ ಕನ್ನಡದಲ್ಲಿ ಪತ್ರ ಬರೆದದ್ದು ಅದರಿಂದ. ಮುಂದೆ ಬೆಲೆಯಿಟ್ಟ ಆವೃತ್ತಿಗಳು ಬಂದವು. ಆಗ ಕೆಲವರು ಬೇಸರ ಮಾಡಿಕೊಂಡರು. ನನಗೆ ಆ ಬೇಸರ ಅರ್ಥವಾಗುವುದಿಲ್ಲ. ಅದು ಅವರ ಕೃತಿ, ಅಷ್ಟು ವರ್ಷ ಕೊಟ್ಟದ್ದು ಅವರ ಔದಾರ್ಯ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರ್ಕಾರವೇ ಉಚಿತವಾಗಿ ಹಂಚಿತು; ಕಚೇರಿಗಳೆಲ್ಲ ಅದರ ಮೇಲೆ ನಡೆದವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಕಥೆಯಂತೂ ಇನ್ನೂ ದೊಡ್ಡದು. ಅದು ಯಾರೊಬ್ಬರ ಸೊತ್ತಾಗಿ ಉಳಿಯಲಿಲ್ಲ, ಸರ್ಕಾರದ ಪ್ರಮಾಣಿತ ವಿನ್ಯಾಸಕ್ಕೆ ಬುನಾದಿಯಾಯಿತು, ಇವತ್ತು ನಿಮ್ಮ ಮೊಬೈಲಿನಲ್ಲೂ ಅದರ ಬೆರಳಚ್ಚು ಇದೆ. ಮೂರನ್ನೂ ನಾವು ‘ಉಚಿತ’ ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುತ್ತೇವೆ. ಒಂದು ಲೇಖಕನ ಇಚ್ಛೆ ಇರುವಷ್ಟು ದಿನದ ಕೊಡುಗೆ, ಒಂದು ಸರ್ಕಾರದ ವಿತರಣೆ, ಇನ್ನೊಂದು ಎಲ್ಲರ ಕೈಗೆ ಸಂದ ಆಸ್ತಿ.

ಈಗ ಮುಕ್ತ ತಂತ್ರಾಂಶದ ಮಾತು. ಅರವಟ್ಟಿಗೆಯ ನೀರಿನಂತಲ್ಲ, ಇದು ಹೆಪ್ಪಿನಂತೆ. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದು ಹಾಲಿಗೆ ಹಾಕಿದರೆ ನಾಳೆ ನಿಮ್ಮ ಮನೆಯಲ್ಲೇ ಮೊಸರು. ನಾಡಿದ್ದು ನೀವು ಮೂರನೆಯ ಮನೆಗೆ ಹೆಪ್ಪು ಕೊಡುತ್ತೀರಿ. ಮೊದಲ ಮನೆಯವರನ್ನು ಮತ್ತೆ ಕೇಳಬೇಕಿಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದಾಗ ಬಯಸಿದ್ದು ಇದನ್ನೇ: ಯಾವ ಉದ್ದೇಶಕ್ಕಾದರೂ ನಡೆಸುವ, ಒಳಗೆ ನೋಡಿ ಕಲಿಯುವ, ಹಂಚುವ, ತಿದ್ದಿ ಹಂಚುವ ಸ್ವಾತಂತ್ರ್ಯ. ಇದರಲ್ಲಿ ಬೆಲೆಯ ಮಾತೇ ಇಲ್ಲ. ಸ್ವತಃ ಅವರು ಈಮ್ಯಾಕ್ಸ್ ತಂತ್ರಾಂಶದ ಟೇಪುಗಳನ್ನು 150 ಡಾಲರಿಗೆ ಮಾರುತ್ತಿದ್ದರು. ಕೊಂಡವನು ಅದನ್ನು ಮರುದಿನ ಊರಿಗೆಲ್ಲ ಸುಮ್ಮನೆ ಹಂಚಬಹುದಿತ್ತು, ಅಷ್ಟೆ.

ಹಣ ಮುಟ್ಟಬಾರದು ಎಂಬ ಷರತ್ತು ಒಳ್ಳೆಯದು ಎಂದು ನಮಗೆ ಮೊದಲ ನೋಟಕ್ಕೆ ಅನಿಸುತ್ತದೆ. ಲೀನಸ್ ಟೋರ್‌ವಾಲ್ಡ್ಸ್‌ಗೂ ಹಾಗೆ ಅನಿಸಿತ್ತು. 1991ರಲ್ಲಿ ಅವರು ಬರೆದ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಬಿಡುಗಡೆಯಾದಾಗ ಅದರ ಪರವಾನಗಿ, ಹಂಚುವವರು ಪ್ರತಿ ಮಾಡುವ ಖರ್ಚನ್ನೂ ತೆಗೆದುಕೊಳ್ಳಬಾರದು ಎಂದಿತ್ತು. ಆದರೆ ಫ್ಲಾಪಿ ಯಾರು ಕೊಡಬೇಕು? ಅಂಚೆವೆಚ್ಚ ಯಾರು ಭರಿಸಬೇಕು? ಹಂಚಲು ಮನಸ್ಸಿದ್ದವರ ಕೈ ಕಟ್ಟಿಹೋಯಿತು. 1992ರ ಆರಂಭದಲ್ಲಿ ಅವರು ಜಿಪಿಎಲ್‌ಗೆ ಬದಲಾದರು. ಆಮೇಲೆ ಸಿಡಿ ಮಾರುವವರು ಹುಟ್ಟಿಕೊಂಡರು, ಅವರಿಂದಲೇ ಲಿನಕ್ಸ್ ನಮ್ಮಂಥ ಊರುಗಳನ್ನು ಮುಟ್ಟಿತು. ಪತ್ರಿಕೆಯ ಜೊತೆಗೆ ಬಂದ ಸಿಡಿಯಿಂದ ಮೊದಲ ಬಾರಿ ಲಿನಕ್ಸ್ ಹಾಕಿದವರು ಈ ಕೋಣೆಯಲ್ಲೇ ಕೆಲವರಿರಬಹುದು.

ಪರವಾನಗಿಯ ಒಂದೊಂದು ಪದವೂ ಎಷ್ಟು ತೂಗುತ್ತದೆ ಎಂಬುದಕ್ಕೆ ಪೈನ್ ಎಂಬ ಇಮೇಲ್ ತಂತ್ರಾಂಶದ ಪ್ರಕರಣ ಹೇಳಲೇಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು ಅದು. ಬಳಸಲು, ನಕಲಿಸಲು, ಮಾರ್ಪಡಿಸಲು ಮತ್ತು ಹಂಚಲು ಅನುಮತಿಯಿದೆ ಎಂಬ ಅರ್ಥದ ಪರವಾನಗಿ ಅದಕ್ಕಿತ್ತು. ಎಲ್ಲರೂ ಮುಕ್ತ ತಂತ್ರಾಂಶ ಎಂದುಕೊಂಡರು. ವಿಶ್ವವಿದ್ಯಾಲಯ ಬೇರೆ ರೀತಿ ಓದಿತು. ಮಾರ್ಪಡಿಸಬಹುದು, ಸರಿ; ಹಂಚಬಹುದು, ಅದೂ ಸರಿ; ಮಾರ್ಪಡಿಸಿದ್ದನ್ನು ಹಂಚಬಹುದು ಎಂದು ನಾವೆಲ್ಲಿ ಹೇಳಿದ್ದೇವೆ ಎಂದಿತು. ಒಂದು ‘ಮತ್ತು’ವಿನ ಮೇಲೆ ಎಲ್ಲ ನಿಂತಿತ್ತು. ಲಿನಕ್ಸನ್ನು ಇತರ ತಂತ್ರಾಂಶಗಳೊಂದಿಗೆ ಜೋಡಿಸಿ ಹಂಚುವ ಡೆಬಿಯನ್‌ನವರು ಅದನ್ನು ‘ನಾನ್-ಫ್ರೀ’ (ಮುಕ್ತವಲ್ಲದ) ವಿಭಾಗದಲ್ಲೇ ಇಡಬೇಕಾಯಿತು. ಅದರ ಮುಂದಿನ ರೂಪವಾದ ಆಲ್‌ಪೈನ್ ಅಪಾಚೆ ಎಂಬ ಮುಕ್ತ ಪರವಾನಗಿಯಲ್ಲಿ ಬಂದಾಗ ತೊಡಕು ಬಗೆಹರಿಯಿತು.

ಡೆಬಿಯನ್ ಎಂದೆ. ಪಟ್ಟಿ ಮಾಡುವ ಕೆಲಸದಲ್ಲಿ ನನಗೆ ಗುರು ಅವರೇ. ಯಾವುದು ಮುಕ್ತ ಎಂದು ತೀರ್ಮಾನಿಸುವ ಮಾರ್ಗಸೂತ್ರಗಳನ್ನು ಅವರು 1997ರಲ್ಲಿ ಬರೆದಿಟ್ಟುಕೊಂಡರು. ಮರುವರ್ಷ ಬಂದ ಓಪನ್ ಸೋರ್ಸ್ ವ್ಯಾಖ್ಯೆಯೂ ಅದರಿಂದಲೇ ಮೂಡಿತು. ವ್ಯಕ್ತಿ ನೋಡಿ ಭೇದ ಮಾಡಬಾರದು, ಕೆಲಸ ನೋಡಿ ಭೇದ ಮಾಡಬಾರದು ಎಂಬುದು ಅದರಲ್ಲಿದೆ. ಶಾಲೆಗೆ ಉಚಿತ, ಅಂಗಡಿಗೆ ಅಲ್ಲ ಎನ್ನುವುದು ಅಲ್ಲಿ ನಿಲ್ಲುವುದಿಲ್ಲ. ಅವರ ಚರ್ಚೆಗಳಲ್ಲಿ ನಿರ್ಜನ ದ್ವೀಪದ ಪರೀಕ್ಷೆ ಎಂದೊಂದಿದೆ. ದ್ವೀಪದಲ್ಲಿ ಒಬ್ಬ ಸಿಕ್ಕಿಹಾಕಿಕೊಂಡಿದ್ದಾನೆ, ಬಿಸಿಲಿನಿಂದ ನಡೆಯುವ ಕಂಪ್ಯೂಟರ್ ಇದೆ, ಹೊರಜಗತ್ತಿನ ಸಂಪರ್ಕವಿಲ್ಲ. ಆತ ಪರವಾನಗಿಯ ಷರತ್ತುಗಳನ್ನು ಪಾಲಿಸಬಲ್ಲನೇ? ಬಳಸಿದವರು ನನಗೊಂದು ಪೋಸ್ಟ್‌ಕಾರ್ಡ್ ಹಾಕಿ ಎಂದು ಪ್ರೀತಿಯಿಂದ ಕೇಳುವ ಲೇಖಕರಿದ್ದಾರೆ. ಅದು ಕೋರಿಕೆಯಾದರೆ ಚೆಂದ. ಕಡ್ಡಾಯವಾದರೆ ದ್ವೀಪದವನು ಸೋಲುತ್ತಾನೆ. ಮಳೆಗಾಲದಲ್ಲಿ ಎರಡೆರಡು ವಾರ ನೆಟ್‌ವರ್ಕ್ ಇಲ್ಲದ ಮಲೆನಾಡಿನ ಶಾಲೆಗಳನ್ನು ನೋಡಿದವನಿಗೆ ಆ ದ್ವೀಪ ಬಹಳ ದೂರದಲ್ಲಿಲ್ಲ.

ಹಾಗಾದರೆ ಮುಕ್ತ ತಂತ್ರಾಂಶವನ್ನು ಫ್ರೀವೇರ್ ಪಟ್ಟಿಗೆ ಸೇರಿಸಬೇಕೇ? ಬೆಲೆಯಷ್ಟನ್ನೇ ನೋಡುವವರು ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸನ್ನು ಉಚಿತ ಪಿಡಿಎಫ್ ಓದುಗದ ಪಕ್ಕ ಒಂದೇ ತಲೆಬರಹದ ಕೆಳಗೆ ಇಟ್ಟರೆ, ಓದಿದವರಿಗೆ ಎರಡೂ ಒಂದೇ ಎನಿಸುತ್ತದೆ. ಕೊಡಬಾರದ್ದನ್ನು ಕೊಡುತ್ತಾರೆ, ಕೊಡಬಹುದಾದ್ದನ್ನು ಕೊಡಲು ಹೆದರುತ್ತಾರೆ. ಎರಡನೆಯ ನಷ್ಟವೇ ಹೆಚ್ಚು ಎಂದು ನನ್ನ ಅನುಭವ.

ಶಿಕ್ಷಕಿಯೊಬ್ಬರು ಇಲ್ಲಿ ನಡುವೆ ಒಂದು ಪ್ರಶ್ನೆ ಕೇಳಿದರು. ಅಂತರ್ಜಾಲದಲ್ಲಿ ಯಾರೋ ಕೋಡ್ ಹಾಕಿದ್ದಾರೆ, ಪರವಾನಗಿ ಎಂದು ಏನೂ ಬರೆದಿಲ್ಲ. ಅದನ್ನು ಯಾರು ಬೇಕಾದರೂ ಬಳಸಬಹುದಲ್ಲವೇ? ತದ್ವಿರುದ್ಧ. ಹಕ್ಕುಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ, ಬರೆದ ಕ್ಷಣದಲ್ಲೇ ಹುಟ್ಟುತ್ತದೆ. ಏನೂ ಬರೆದಿಲ್ಲವೆಂದರೆ ಏನನ್ನೂ ಬಿಟ್ಟುಕೊಟ್ಟಿಲ್ಲ ಎಂದರ್ಥ. ಬಿಟ್ಟುಕೊಡಬೇಕೆಂದರೆ ನಮ್ಮ ಕಾಯ್ದೆಯ 21ನೆಯ ಕಲಮಿನಲ್ಲಿ ದಾರಿಯಿದೆ: ಹಕ್ಕುಸ್ವಾಮ್ಯದ ರಿಜಿಸ್ಟ್ರಾರರಿಗೆ ತಿಳಿಸಿ ಅಥವಾ ಸಾರ್ವಜನಿಕ ಪ್ರಕಟಣೆ ಕೊಟ್ಟು ಹಕ್ಕನ್ನು ತ್ಯಜಿಸಬಹುದು. ಹಾಗೆಯೇ, ಕಂಪನಿ ಮುಚ್ಚಿಹೋಗಿದೆ, ತಂತ್ರಾಂಶ ಹಳೆಯದು, ಈಗ ಅದು ಎಲ್ಲರದೂ ಎಂಬ ಮಾತೂ ಸರಿಯಲ್ಲ. ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಮಾಲೀಕ ಊರು ಬಿಟ್ಟ ತೋಟವೂ ತೋಟವೇ.

ಸೋರ್ಸ್ ಕೋಡ್ ಕಾಣಿಸುತ್ತದೆ, ಆದ್ದರಿಂದ ಮುಕ್ತ ಎಂಬ ಭ್ರಮೆ ಇತ್ತೀಚೆಗೆ ಹೆಚ್ಚಾಗಿದೆ. 2018ರಲ್ಲಿ ಮೊಂಗೊಡಿಬಿ, 2023ರಲ್ಲಿ ಹಾಶಿಕಾರ್ಪ್ ಎಂಬ ತಂತ್ರಾಂಶ ಕಂಪನಿಗಳು ತಮ್ಮ ಮುಕ್ತ ಪರವಾನಗಿಗಳನ್ನು ಬದಲಿಸಿದವು. ಕೋಡ್ ಈಗಲೂ ಕಾಣುತ್ತದೆ. ಅದನ್ನಿಟ್ಟುಕೊಂಡು ತಮಗೆ ಪೈಪೋಟಿಯಾಗುವ ಸೇವೆ ನಡೆಸುವವರಿಗೆ ಮಾತ್ರ ಹಾಶಿಕಾರ್ಪ್ ತಡೆ ಹಾಕಿತು. ಮೊಂಗೊಡಿಬಿಯಂತೂ, ಅದನ್ನು ಸೇವೆಯಾಗಿ ಕೊಡುವವರು ಸೇವೆಯ ಹಿಂದಿನ ಎಲ್ಲ ಕೋಡನ್ನೂ ತೆರೆದಿಡಬೇಕೆಂದಿತು. ಶಾಲೆಗೆ ಇದರಿಂದ ತೊಂದರೆಯಿಲ್ಲ. ಆದರೂ ಮುಕ್ತ ಎಂಬ ತಲೆಬರಹದ ಕೆಳಗೆ ಅವುಗಳನ್ನು ಬರೆಯಲಾಗದು.

ಇದು ನನ್ನನ್ನು ಕೊನೆಯ ಪ್ರಶ್ನೆಗೆ ತರುತ್ತದೆ. ಎಲ್ಲಿಯವರೆಗೆ? ಒರಾಕಲ್ ಕಂಪನಿ 2019ರ ಏಪ್ರಿಲಿನಲ್ಲಿ, ಅನೇಕ ಪ್ರೋಗ್ರಾಮುಗಳು ನಡೆಯಲು ಬೇಕಾಗುವ ಜಾವಾ ತಂತ್ರಾಂಶದ 8ನೆಯ ಆವೃತ್ತಿಯ ಹೊಸ ಅಪ್‌ಡೇಟುಗಳ ಪರವಾನಗಿ ಬದಲಿಸಿತು. ವರ್ಷಗಳಿಂದ ಜಾವಾ ಉಚಿತ ಎಂದುಕೊಂಡಿದ್ದ ಕಚೇರಿಗಳಲ್ಲಿ, ಎಂದಿನಂತೆ ಅಪ್‌ಡೇಟ್ ಒತ್ತಿದವರು ತಿಳಿಯದೆ ಹಣ ಕೊಡಬೇಕಾದ ಕಡೆಗೆ ದಾಟಿದರು. 2021ರಲ್ಲಿ ಜಾವಾ 17ಕ್ಕೆ ಮತ್ತೆ ಉಚಿತ ಷರತ್ತುಗಳು ಬಂದವು. ಅದೇ ವರ್ಷ, ಪ್ರೋಗ್ರಾಮರುಗಳು ಬಳಸುವ ಡಾಕರ್ ಡೆಸ್ಕ್‌ಟಾಪ್, 250ಕ್ಕಿಂತ ಕಡಿಮೆ ನೌಕರರು ಮತ್ತು ವರ್ಷಕ್ಕೆ ಒಂದು ಕೋಟಿ ಡಾಲರಿಗಿಂತ ಕಡಿಮೆ ವರಮಾನ ಇರುವ ಕಂಪನಿಗಳಿಗೆ ಮಾತ್ರ ಉಚಿತ ಎಂದಿತು. ಜಾವಾದ ಮುಕ್ತ ರೂಪವಾದ ಓಪನ್‌ಜೆಡಿಕೆ ಮಾತ್ರ ಈ ಏರಿಳಿತದಲ್ಲೆಲ್ಲ ಇದ್ದಲ್ಲೇ ಇತ್ತು. ಜಿಪಿಎಲ್‌ನಲ್ಲಿ ಒಮ್ಮೆ ಕೈಗೆ ಬಂದ ಪ್ರತಿಯನ್ನು ಷರತ್ತು ಪಾಲಿಸುವವರಿಂದ ಹಿಂದಕ್ಕೆ ಕಿತ್ತುಕೊಳ್ಳುವಂತಿಲ್ಲ. ಫ್ರೀವೇರ್‌ನಲ್ಲಿ ಆ ಭರವಸೆ ಬಹುಮಟ್ಟಿಗೆ ಇರುವುದಿಲ್ಲ.

ನನ್ನ ಹೊಸ ಪಟ್ಟಿಯಲ್ಲಿ ಹೆಸರಿನ ಮುಂದೆ ಈಗ ಆರು ಕಂಬಗಳಿವೆ: ಯಾವ ಕಡತ, ಯಾವ ಆವೃತ್ತಿ, ಶಾಲೆ ಬಳಸಬಹುದೇ, ಅಂಗಡಿ ಬಳಸಬಹುದೇ, ಪ್ರತಿ ಮಾಡಿ ಕೊಡಬಹುದೇ, ನಾನು ಪರವಾನಗಿ ಓದಿದ ದಿನಾಂಕ. ಕೊನೆಯ ಕಂಬ ಆರು ತಿಂಗಳಿಗಿಂತ ಹಳೆಯದಾದರೆ ಆ ಸಾಲನ್ನು ಮತ್ತೆ ಓದುತ್ತೇನೆ. ಅರವತ್ತರಲ್ಲಿ ಉಳಿದದ್ದು ಮೂವತ್ತೊಂದು. ಹಳೆಯ ಡಿವಿಡಿಗಳನ್ನು ನಾನೇ ಶಾಲೆ ಶಾಲೆಗೆ ಹೋಗಿ ವಾಪಸು ತಂದೆ. ಹಾಕಬಾರದಿದ್ದವುಗಳನ್ನು ಒಂದೊಂದೇ ಯಂತ್ರದಿಂದ ತೆಗೆದೆ. ಹೊಸ ಡಿವಿಡಿಯಲ್ಲಿ ಮುಕ್ತ ತಂತ್ರಾಂಶಗಳಿಗೆ ಒಂದು ಫೋಲ್ಡರ್. ಇನ್ನೊಂದು ಫೋಲ್ಡರಿನಲ್ಲಿ ತಂತ್ರಾಂಶವೇ ಇಲ್ಲ. ಶಾಲೆ ಬಳಸಬಹುದಾದ ಫ್ರೀವೇರ್‌ಗಳ ಹೆಸರು, ಇಳಿಸಿಕೊಳ್ಳುವ ವಿಳಾಸ, ಷರತ್ತಿನ ಕನ್ನಡ ಸಾರಾಂಶ ಇರುವ ಒಂದು ಹಾಳೆ.

ಅದನ್ನು ಕೊಡಲು ಹೋದಾಗ ಒಂದು ಶಾಲೆಯ ಗಣಿತದ ಮೇಡಂ ಕೇಳಿದರು, “ಸರ್, ನಮ್ಮ ಅಕ್ಕನ ಶಾಲೆಗೂ ಇದರದೊಂದು ಪ್ರತಿ ಮಾಡಿ ಕೊಡಬಹುದೇ?” ಹಿಂದೆ ಇದೇ ಪ್ರಶ್ನೆಗೆ ಯೋಚಿಸದೆ ಹೂಂ ಎಂದಿದ್ದೆ. ಈ ಸಲವೂ ಹೂಂ ಎಂದೆ. ಮೊದಲ ಫೋಲ್ಡರನ್ನು ಯಾರನ್ನೂ ಕೇಳದೆ ಎಷ್ಟು ಜನರಿಗೆ ಬೇಕಾದರೂ ಕೊಡಿ, ಎರಡನೆಯದರಲ್ಲಿ ನಾನು ಬರೆದ ಹಾಳೆಯನ್ನು ಕೊಡಿ, ಅದರಲ್ಲಿರುವ ದಿನಾಂಕವನ್ನು ಅವರಿಗೆ ತೋರಿಸಿ ಎಂದೆ.